ಬಣ್ಣ ಹತ್ತದ ಮಿದುಳು: ಪಾಲ್ ಎರ್ಲಿಕ್ ಕಂಡೂ ಗುರುತಿಸದ ಗೋಡೆ

ಕ್ಷಯರೋಗದ ಶಂಕೆ ಬಂದಾಗ ರೋಗಿಯ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಕೆಂಪು ಬಣ್ಣ ಹಚ್ಚಿ, ಆಮ್ಲದಲ್ಲಿ ತೊಳೆದು, ಮತ್ತೆ ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ನೋಡುವ ವಿಧಾನ ಹುಬ್ಬಳ್ಳಿ-ಧಾರವಾಡವೂ ಸೇರಿದಂತೆ ನಾಡಿನೆಲ್ಲೆಡೆ ದಶಕಗಳಿಂದ ನಡೆದುಬಂದಿದೆ. ಉಳಿದದ್ದೆಲ್ಲ ಆಮ್ಲಕ್ಕೆ ಬಣ್ಣ ಬಿಟ್ಟುಕೊಟ್ಟರೂ ಕ್ಷಯದ ದಂಡಾಣು ಮಾತ್ರ ಕೆಂಪಗೇ ಉಳಿಯುತ್ತದೆ. ದಂಡಾಣುವಿನ ಈ ಹಟಮಾರಿತನವನ್ನು 1882ರಲ್ಲಿ ಬೆಳಕಿಗೆ ತಂದವರು ಜರ್ಮನಿಯ ವೈದ್ಯ ಪಾಲ್ ಎರ್ಲಿಕ್.

ಮೂರು ವರ್ಷಗಳ ಬಳಿಕ ಅದೇ ಎರ್ಲಿಕ್ ಇನ್ನೊಂದು ವಿಚಿತ್ರವನ್ನು ಕಂಡರು. ಜೀವಂತ ಪ್ರಾಣಿಯ ರಕ್ತಕ್ಕೆ ಕೆಲವು ಬಣ್ಣಗಳನ್ನು ಸೇರಿಸಿದರೆ ದೇಹದ ಅಂಗಾಂಗಗಳೆಲ್ಲ ಆ ಬಣ್ಣಕ್ಕೆ ತಿರುಗುತ್ತಿದ್ದವು. ಮಿದುಳು ಮತ್ತು ಬೆನ್ನುಹುರಿ ಮಾತ್ರ ಬಿಳಿಯಾಗಿಯೇ ಉಳಿಯುತ್ತಿದ್ದವು. ರಕ್ತ ಮತ್ತು ಮಿದುಳಿನ ನಡುವೆ ಒಂದು ತಡೆಗೋಡೆ ಇದೆ ಎಂಬುದಕ್ಕೆ ವಿಜ್ಞಾನಕ್ಕೆ ದೊರೆತ ಮೊದಲ ಸುಳಿವು ಅದು. ಇಂದು ಮಿದುಳಿನ ಕಾಯಿಲೆಗೆ ಔಷಧ ಹುಡುಕುವ ಯಾವುದೇ ಪ್ರಯೋಗಾಲಯ ಮೊದಲು ಕೇಳುವ ಪ್ರಶ್ನೆಯೆಂದರೆ, ಈ ಸಂಯುಕ್ತ ಆ ಗೋಡೆಯನ್ನು ದಾಟಬಲ್ಲದೇ ಎಂಬುದು. ನೂರಾರು ಸಂಯುಕ್ತಗಳನ್ನು ತಯಾರಿಸಿ, ಒಂದೊಂದನ್ನೂ ಪ್ರಾಣಿಯ ಮೇಲೆ ಪರೀಕ್ಷಿಸಿ, ಗೆದ್ದದ್ದನ್ನು ಉಳಿಸಿಕೊಳ್ಳುವ ಪದ್ಧತಿಗೆ ಅಡಿಪಾಯ ಹಾಕಿದವರೂ ಎರ್ಲಿಕ್ ಅವರೇ. ಆದರೆ ಗೋಡೆಯನ್ನು ಮೊದಲು ಮುಟ್ಟಿದ ಅವರು ಅದನ್ನು ಗೋಡೆಯೆಂದು ಒಪ್ಪಲಿಲ್ಲ. ಮುಂದೆ ಅವರಿಗೆ ಜಗತ್ಪ್ರಸಿದ್ಧಿ ತಂದ ಔಷಧ ನಿಂತುಹೋದದ್ದು ಅದೇ ಗೋಡೆಯ ಮುಂದೆ.

ಬಣ್ಣದ ಹುಚ್ಚಿನ ಹುಡುಗ

ಪಾಲ್ ಎರ್ಲಿಕ್ ಜನಿಸಿದ್ದು 1854ರ ಮಾರ್ಚ್ 14ರಂದು, ಅಂದಿನ ಪ್ರಶ್ಯಾದ ಸೈಲೀಶಿಯಾ ಪ್ರಾಂತ್ಯದ ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ. ಇಂದು ಅದು ಪೋಲೆಂಡಿಗೆ ಸೇರಿದೆ. ತಂದೆ ಇಸ್ಮಾರ್ ಮದ್ಯ ಬಟ್ಟಿ ಇಳಿಸುವ ಉದ್ಯಮ ಮತ್ತು ತಂಗುಮನೆಯನ್ನು ನಡೆಸುತ್ತಿದ್ದ ಯಹೂದಿ ಗೃಹಸ್ಥ. ತಾಯಿ ರೋಸಾ. ತಾಯಿಯ ಕಡೆಯ ಸಂಬಂಧಿ ಕಾರ್ಲ್ ವೈಗರ್ಟ್ ವಯಸ್ಸಿನಲ್ಲಿ ಒಂಬತ್ತು ವರ್ಷ ಹಿರಿಯರು. ರೋಗಶಾಸ್ತ್ರಜ್ಞರಾಗಿ ಹೆಸರು ಮಾಡಿದವರು. ಕಲ್ಲಿದ್ದಲ ಡಾಂಬರಿನಿಂದ ತಯಾರಾಗುವ ಅನಿಲೀನ್ ಬಣ್ಣಗಳಿಂದ ರೋಗಾಣುಗಳನ್ನು ಕಾಣುವಂತೆ ಮಾಡಿದ ಮೊದಲಿಗರಲ್ಲಿ ಒಬ್ಬರು. ಪಾಲ್‌ಗೆ ಬಣ್ಣದ ಗೀಳು ಹತ್ತಿದ್ದು ಈ ಬಂಧುವಿನಿಂದಲೇ.

ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬುರ್ಗ್, ಲೈಪ್‌ಜಿಗ್ ಎಂದು ನಾಲ್ಕು ವಿಶ್ವವಿದ್ಯಾಲಯಗಳನ್ನು ಸುತ್ತಿದ ವಿದ್ಯಾರ್ಥಿ ಪಾಲ್ ಪಾಠಪ್ರವಚನಗಳಲ್ಲಿ ಹೇಳಿಕೊಳ್ಳುವಂಥ ಸಾಧನೆ ಮಾಡಲಿಲ್ಲ. ಪ್ರಾಧ್ಯಾಪಕರ ಕಣ್ಣಿಗೆ ಬಿದ್ದದ್ದು ಆತನ ಮೇಜು. ನೀಲಿ, ಕೆಂಪು, ನೇರಳೆ ಕಲೆಗಳಿಂದ ತುಂಬಿಹೋಗಿದ್ದ ಆ ಮೇಜಿನಲ್ಲಿ ಆತ ಅಂಗಾಂಶದ ತೆಳು ಹೋಳುಗಳಿಗೆ ಒಂದಾದ ಮೇಲೊಂದು ಬಣ್ಣ ಹಚ್ಚುತ್ತ ಕುಳಿತಿರುತ್ತಿದ್ದ. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಪಡೆದ ವೈದ್ಯಕೀಯ ಪದವಿಯ ಪ್ರಬಂಧವೂ ಬಣ್ಣ ಹಚ್ಚುವ ತತ್ತ್ವವನ್ನೇ ಕುರಿತದ್ದು. ಬಣ್ಣ ಅಂಗಾಂಶಕ್ಕೆ ಹತ್ತುವುದು ಕೇವಲ ಮೆತ್ತಿಕೊಳ್ಳುವ ಕ್ರಿಯೆಯಲ್ಲ, ಬಣ್ಣದ ಅಣುವಿಗೂ ಜೀವಕೋಶದ ಯಾವುದೋ ಭಾಗಕ್ಕೂ ನಡೆಯುವ ರಾಸಾಯನಿಕ ಬೆಸುಗೆ ಎಂಬುದು ಅದರ ತಿರುಳು. ಎರ್ಲಿಕ್ ಮುಂದೆ ಮಾಡಿದ ಎಲ್ಲ ಕೆಲಸಕ್ಕೂ ಇದೇ ಬೀಜ. ಅವರ ದೊಡ್ಡ ತಪ್ಪಿನ ಬೀಜವೂ ಇದೇ.

ಪದವಿ ಮುಗಿದೊಡನೆ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಪ್ರೊ. ಫ್ರೆರಿಕ್ಸ್ ಅವರ ಕೈಕೆಳಗೆ ಕೆಲಸ ದೊರೆಯಿತು. ಫ್ರೆರಿಕ್ಸ್ ಯುವ ವೈದ್ಯನಿಗೆ ಬಣ್ಣಗಳೊಂದಿಗೆ ಆಡಲು ಸಂಪೂರ್ಣ ಸ್ವಾತಂತ್ರ್ಯ ಕೊಟ್ಟರು. ರಕ್ತದ ಬಿಳಿಕಣಗಳನ್ನು ಅವು ಹೀರುವ ಬಣ್ಣದ ಆಧಾರದ ಮೇಲೆ ವಿಂಗಡಿಸುವ ವಿಧಾನ ಅಲ್ಲಿಯೇ ರೂಪುಗೊಂಡಿತು. ಇಂದು ರಕ್ತ ಪರೀಕ್ಷೆಯ ವರದಿಯಲ್ಲಿ ಇಯೊಸಿನೊಫಿಲ್ ಎಂದು ಬರೆದಿರುವುದನ್ನು ಓದುವವರೆಲ್ಲ ಎರ್ಲಿಕ್ ಇಟ್ಟ ಹೆಸರನ್ನೇ ಓದುತ್ತಿದ್ದಾರೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಕ್ಷಯದ ದಂಡಾಣುವನ್ನು ಪ್ರಕಟಿಸಿದ ಸಭೆಯಲ್ಲಿ ಎರ್ಲಿಕ್ ಕುಳಿತಿದ್ದರು. ಅದಾದ ಸ್ವಲ್ಪದರಲ್ಲೇ ಕಾಕ್ ಅವರ ವಿಧಾನಕ್ಕಿಂತ ಸರಳವಾದ, ವೇಗದ ವಿಧಾನವನ್ನು ಅವರು ಸಿದ್ಧಪಡಿಸಿದರು. 1883ರಲ್ಲಿ ಹೆಡ್ವಿಗ್ ಪಿಂಕಸ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು.

ಸೀರೆಯ ಒಡಲು, ರೇಷ್ಮೆಯ ಸೆರಗು

1885ರ ಪ್ರಯೋಗಗಳ ಉದ್ದೇಶ ಮಿದುಳಲ್ಲ. ದೇಹದ ಯಾವ ಅಂಗ ಎಷ್ಟು ಆಮ್ಲಜನಕವನ್ನು ಬಳಸುತ್ತದೆ ಎಂಬುದನ್ನು ಬಣ್ಣಗಳ ಮೂಲಕ ತಿಳಿಯುವುದು ಅವರ ಗುರಿಯಾಗಿತ್ತು. ಆಮ್ಲಜನಕ ಕಳೆದುಕೊಂಡಾಗ ಬಣ್ಣಗೆಡುವ ನೀಲಿಗಳನ್ನು ಪ್ರಾಣಿಗಳಿಗೆ ಚುಚ್ಚಿ, ಅಂಗಾಂಗಗಳನ್ನು ಪರೀಕ್ಷಿಸುತ್ತಿದ್ದಾಗ ಬಿಳಿಯಾಗಿಯೇ ಉಳಿದ ಮಿದುಳು ಎದುರಾಯಿತು.

ಅದಕ್ಕೆ ಅವರು ಕೊಟ್ಟ ವಿವರಣೆ ಸರಳ. ಮಿದುಳಿನ ಅಂಗಾಂಶಕ್ಕೆ ಆ ಬಣ್ಣಗಳ ಮೇಲೆ ಒಲವಿಲ್ಲ, ಆದ್ದರಿಂದ ಅವು ಅಲ್ಲಿ ನಿಲ್ಲುವುದಿಲ್ಲ ಎಂಬುದು.

ಉತ್ತರ ಕರ್ನಾಟಕದವರಿಗೆ ಈ ತರ್ಕ ಅರ್ಥವಾಗದ್ದೇನಲ್ಲ. ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ರೇಷ್ಮೆಗೆ ಗಟ್ಟಿಯಾಗಿ ಹತ್ತುವ ಆಮ್ಲೀಯ ಬಣ್ಣ ಹತ್ತಿಯ ನೂಲಿನಲ್ಲಿ ನಿಲ್ಲದೆ ತೊಳೆದು ಹೋಗುತ್ತದೆ. ಎರಡನ್ನೂ ಒಂದೇ ಕಡಾಯಿಯಲ್ಲಿ ಅದ್ದಿದರೆ ಒಂದು ಕೆಂಪಾಗುತ್ತದೆ, ಇನ್ನೊಂದು ಪೇಲವವಾಗಿಯೇ ಉಳಿಯುತ್ತದೆ. ಹತ್ತಿಯ ಸುತ್ತ ಯಾರೋ ಬೇಲಿ ಹಾಕಿದ್ದಾರೆಂದು ಯಾವ ಬಣ್ಣಗಾರನೂ ಹೇಳುವುದಿಲ್ಲ. ನೂಲಿನ ಗುಣವೇ ಹಾಗೆ ಎನ್ನುತ್ತಾನೆ. ಜೀವನವಿಡೀ ಬಣ್ಣ ಮತ್ತು ಅಂಗಾಂಶದ ಬೆಸುಗೆಯನ್ನೇ ಧ್ಯಾನಿಸಿದ ಎರ್ಲಿಕ್ ಕೂಡ ಬಣ್ಣಗಾರನಂತೆಯೇ ಯೋಚಿಸಿದರು.

ಅವರ ಪರವಾಗಿ ಸಾಕ್ಷ್ಯವೂ ಇತ್ತು. ಕೆಲವು ಬಣ್ಣಗಳು ಮಿದುಳಿಗೂ ನರಗಳಿಗೂ ಹತ್ತುತ್ತಿದ್ದವು. ಮೆಥಿಲೀನ್ ನೀಲಿಯನ್ನು ಜೀವಂತ ಪ್ರಾಣಿಗೆ ಚುಚ್ಚಿದಾಗ ನರತಂತುಗಳು ನೀಲಿ ಎಳೆಗಳಂತೆ ಎದ್ದು ಕಾಣುತ್ತಿದ್ದವು. ಅಷ್ಟೇ ಅಲ್ಲ, ಹಾಗೆ ನರಮಂಡಲಕ್ಕೆ ಹತ್ತುವ ಬಣ್ಣದ ಅಣುವಿಗೆ ಗಂಧಕಾಮ್ಲದ ಗುಂಪೊಂದನ್ನು ಜೋಡಿಸಿದರೆ ಆ ಗುಣವೇ ಮಾಯವಾಗುತ್ತಿತ್ತು. ಕೊಬ್ಬಿನಲ್ಲಿ ಕರಗುವ ಬಣ್ಣಗಳಿಗೂ ಮಿದುಳಿಗೂ ನಂಟಿರುವುದನ್ನು ಕೂಡ ಅವರು ಗಮನಿಸಿದ್ದರು. ವಿದ್ಯುದಂಶ ಹೊತ್ತ ಅಣು ಮಿದುಳನ್ನು ಪ್ರವೇಶಿಸುವುದು ಕಷ್ಟ, ಕೊಬ್ಬಿನಲ್ಲಿ ಕರಗುವ ಸಣ್ಣ ಅಣುವಿಗೆ ಸುಲಭ ಎಂಬುದು ಇಂದಿಗೂ ಔಷಧ ರಸಾಯನಶಾಸ್ತ್ರದ ಮೊದಲ ಪಾಠ. ಎರ್ಲಿಕ್ ನೋಡಿದ್ದೆಲ್ಲ ಸರಿಯಾಗಿಯೇ ಇತ್ತು. ಕಾರಣವೊಂದು ತಪ್ಪಿತು.

ಅದೇ ವರ್ಷ ಫ್ರೆರಿಕ್ಸ್ ನಿಧನರಾದರು. ಹೊಸ ಮುಖ್ಯಸ್ಥರಿಗೆ ಈ ಬಣ್ಣದಾಟ ಹಿಡಿಸಲಿಲ್ಲ. ಅದರ ಜೊತೆಗೆ ಎರ್ಲಿಕ್ ತಮ್ಮ ಕಫದಲ್ಲಿಯೇ ಕ್ಷಯದ ದಂಡಾಣುವನ್ನು, ತಾವೇ ಸುಧಾರಿಸಿದ ಬಣ್ಣದ ವಿಧಾನದಿಂದ ಕಂಡರು. 1888ರಲ್ಲಿ ಪತ್ನಿಯೊಡನೆ ಈಜಿಪ್ಟಿಗೆ ತೆರಳಿ, ಅಲ್ಲಿನ ಒಣ ಹವೆಯಲ್ಲಿ ಕೆಲಕಾಲವಿದ್ದು ಚೇತರಿಸಿಕೊಂಡು ಮರಳಿದರು. ಬಂದಾಗ ಕೈಯಲ್ಲಿ ಉದ್ಯೋಗವಿರಲಿಲ್ಲ.

ಬಣ್ಣದಿಂದ ಔಷಧದೆಡೆಗೆ

ಕೈಹಿಡಿದವರು ರಾಬರ್ಟ್ ಕಾಕ್. 1891ರಲ್ಲಿ ಬರ್ಲಿನ್‌ನ ಹೊಸ ಸಾಂಕ್ರಾಮಿಕ ರೋಗಗಳ ಸಂಸ್ಥೆಗೆ ಎರ್ಲಿಕ್ ಸೇರಿದರು. ಅದೇ ವರ್ಷ ಪಾಲ್ ಗುಟ್‌ಮನ್ ಜೊತೆಗೂಡಿ ಇಬ್ಬರು ಮಲೇರಿಯಾ ರೋಗಿಗಳಿಗೆ ಮೆಥಿಲೀನ್ ನೀಲಿಯನ್ನು ಕೊಟ್ಟರು. ಸೂಕ್ಷ್ಮದರ್ಶಕದಡಿ ರೋಗಾಣುವಿಗೆ ಹತ್ತುವ ಬಣ್ಣ ದೇಹದೊಳಗೂ ಹತ್ತಿ ಅದನ್ನು ಕೊಲ್ಲಬಾರದೇಕೆ ಎಂಬುದು ಅವರ ಆಲೋಚನೆ. ರೋಗಿಗಳು ಗುಣ ಹೊಂದಿದರು. ಸಂಪೂರ್ಣವಾಗಿ ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕವೊಂದು ರೋಗಾಣುವಿನ ವಿರುದ್ಧ ಔಷಧವಾಗಿ ಬಳಕೆಯಾದ ಆರಂಭದ ನಿದರ್ಶನ ಅದು.

ಗಂಟಲುಮಾರಿಯ ಪ್ರತಿವಿಷವನ್ನು ಅಳೆಯುವ ಮಾನಕವನ್ನು ರೂಪಿಸಿದ್ದು, 1896ರಲ್ಲಿ ಸ್ಟೆಗ್ಲಿಟ್ಸ್‌ನ ಸೀರಂ ಸಂಸ್ಥೆಯ ನಿರ್ದೇಶಕರಾದದ್ದು, 1899ರಲ್ಲಿ ಆ ಸಂಸ್ಥೆ ಫ್ರಾಂಕ್‌ಫರ್ಟ್‌ಗೆ ಸ್ಥಳಾಂತರಗೊಂಡದ್ದು, ರೋಗನಿರೋಧಕ ಶಕ್ತಿಯ ಕುರಿತ ಸಂಶೋಧನೆಗೆ 1908ರಲ್ಲಿ ಮೆಚ್ನಿಕಾಫ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡದ್ದು ಎಲ್ಲರಿಗೂ ತಿಳಿದ ಇತಿಹಾಸ. ಇಲ್ಲಿ ಮುಖ್ಯವಾದದ್ದು 1906. ಬ್ಯಾಂಕರ್ ಗೇಯಾರ್ಗ್ ಸ್ಪೈಯರ್ ಅವರ ಪತ್ನಿ ಫ್ರಾನ್ಸಿಸ್ಕಾ ಅಗಲಿದ ಪತಿಯ ನೆನಪಿಗಾಗಿ ನೀಡಿದ ದೇಣಿಗೆಯಿಂದ ಆ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಗೇಯಾರ್ಗ್ ಸ್ಪೈಯರ್ ಭವನ ತೆರೆಯಿತು. ರಾಸಾಯನಿಕ ಚಿಕಿತ್ಸೆಗೆಂದೇ ಮೀಸಲಾದ ಸಂಸ್ಥೆ ಅದು.

ಅಲ್ಲಿನ ದಿನಚರಿ ಒಂದು ಕಾರ್ಖಾನೆಯಂತಿತ್ತು. ಎರ್ಲಿಕ್ ಪ್ರತಿದಿನ ಬಣ್ಣಬಣ್ಣದ ಚೀಟಿಗಳಲ್ಲಿ ಸಹಾಯಕರಿಗೆ ಆ ದಿನದ ಕೆಲಸ ಬರೆದು ಕಳುಹಿಸುತ್ತಿದ್ದರು. ಬಾಯಲ್ಲಿ ಚುಟ್ಟಾ ಆರುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತೈದರವರೆಗೂ ಸೇದುತ್ತಿದ್ದ ಅವರ ಕಂಕುಳಲ್ಲಿ ಚುಟ್ಟಾದ ಪೆಟ್ಟಿಗೆ ಸದಾ ಇರುತ್ತಿತ್ತು. ಊಟ ಮರೆಯುತ್ತಿದ್ದರು. ರಾತ್ರಿ ಪತ್ತೇದಾರಿ ಕಾದಂಬರಿಗಳನ್ನು ಓದುತ್ತಿದ್ದರು. ರಸಾಯನತಜ್ಞ ಆಲ್ಫ್ರೆಡ್ ಬರ್ಟ್‌ಹೈಮ್ ಒಂದು ಅಣುವಿನ ತಲೆಗೋ ಬಾಲಕ್ಕೋ ಸಣ್ಣ ಬದಲಾವಣೆ ಮಾಡಿ ಹೊಸ ಸಂಯುಕ್ತ ತಯಾರಿಸಿಕೊಡುವುದು, ಇನ್ನೊಬ್ಬರು ಅದನ್ನು ರೋಗ ತಗುಲಿಸಿದ ಇಲಿಗೆ ಚುಚ್ಚುವುದು, ಗುಣಪಡಿಸುವ ಪ್ರಮಾಣವೆಷ್ಟು, ಕೊಲ್ಲುವ ಪ್ರಮಾಣವೆಷ್ಟು ಎಂದು ಲೆಕ್ಕವಿಡುವುದು, ಸಂಯುಕ್ತಕ್ಕೆ ಒಂದು ಸಂಖ್ಯೆ ಕೊಟ್ಟು ಮುಂದಿನದಕ್ಕೆ ಹೋಗುವುದು. ಔಷಧ ಸಂಶೋಧನೆ ಅದೃಷ್ಟದ ಆಟವಾಗಿದ್ದ ಕಾಲದಲ್ಲಿ ಈ ಶಿಸ್ತು ಹೊಸದು.

ಮೊದಲ ಗುರಿ ಆಫ್ರಿಕಾದ ನಿದ್ರಾರೋಗದ ಟ್ರಿಪನೊಸೋಮ್ ಪರೋಪಜೀವಿಗಳು. ತ್ಸೆ ತ್ಸೆ ನೊಣದ ಕಡಿತದಿಂದ ಬರುವ ಈ ರೋಗ ಮೊದಲು ರಕ್ತದಲ್ಲಿರುತ್ತದೆ, ನಂತರ ಮಿದುಳನ್ನು ಹೊಕ್ಕು ರೋಗಿಯನ್ನು ಕೊಲ್ಲುತ್ತದೆ. 1904ರಲ್ಲಿ ಜಪಾನಿನ ಕಿಯೋಶಿ ಶಿಗಾ ಜೊತೆ ಎರ್ಲಿಕ್ ಪ್ರಕಟಿಸಿದ ಟ್ರಿಪನ್ ಕೆಂಪು ಎಂಬ ಬಣ್ಣ ಒಂದು ಬಗೆಯ ಟ್ರಿಪನೊಸೋಮ್ ತಗುಲಿದ ಇಲಿಗಳನ್ನು ಗುಣಪಡಿಸಿತು. ಮತ್ತೊಂದು ದಾರಿ ಆರ್ಸೆನಿಕ್, ಅಂದರೆ ಪಾಷಾಣದ ಸಂಯುಕ್ತಗಳದು. ಅಟಾಕ್ಸಿಲ್ ಎಂಬ ಆರ್ಸೆನಿಕ್ ಔಷಧ ಟ್ರಿಪನೊಸೋಮ್‌ಗಳನ್ನು ಕೊಲ್ಲುತ್ತಿತ್ತಾದರೂ ರೋಗಿಗಳ ಕಣ್ಣಿನ ನರವನ್ನು ನಾಶಮಾಡುತ್ತಿತ್ತು. ಅದರ ನಿಜವಾದ ರಚನೆಯನ್ನು 1907ರಲ್ಲಿ ಎರ್ಲಿಕ್ ಮತ್ತು ಬರ್ಟ್‌ಹೈಮ್ ಬಿಡಿಸಿದ ಮೇಲೆ ಹೊಸ ಸಂಯುಕ್ತಗಳ ಸಾಲೇ ಆರಂಭವಾಯಿತು.

ಸಂಖ್ಯೆ 606

ಸಿಫಿಲಿಸ್‌ಗೆ ನಮ್ಮ ಕಡೆ ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದರು. ಅದರ ರೋಗಾಣು ತಿರುಪಿನಾಕಾರದ ಸೂಕ್ಷ್ಮಜೀವಿ ಎಂಬುದು 1905ರಲ್ಲಿ ಗೊತ್ತಾಯಿತು. ಆವರೆಗೆ ಇದ್ದ ಚಿಕಿತ್ಸೆ ಪಾದರಸ. ಅದು ರೋಗದಷ್ಟೇ ಹಿಂಸೆ. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾಟಾ ಮೊಲಗಳಿಗೆ ಸಿಫಿಲಿಸ್ ತಗುಲಿಸುವುದನ್ನು ಬಲ್ಲವರಾಗಿದ್ದರು. ಹಳೆಯ ಸಂಯುಕ್ತಗಳನ್ನೆಲ್ಲ ಮತ್ತೆ ಮೊದಲಿನಿಂದ ಪರೀಕ್ಷಿಸುವಂತೆ ಎರ್ಲಿಕ್ ಅವರಿಗೆ ಒಪ್ಪಿಸಿದರು. 606 ಎಂಬ ಸಂಖ್ಯೆಯ ಸಂಯುಕ್ತ ಎರಡು ವರ್ಷ ಹಿಂದೆಯೇ ತಯಾರಾಗಿತ್ತು, ನಿಷ್ಪ್ರಯೋಜಕವೆಂದು ಬದಿಗೆ ಸರಿಸಲಾಗಿತ್ತು. ಹಾಟಾ ಅವರ ಕೈಯಲ್ಲಿ ಅದೇ ಸಂಯುಕ್ತ ಒಂದೇ ಚುಚ್ಚುಮದ್ದಿಗೆ ಮೊಲದ ಹುಣ್ಣಿನಲ್ಲಿದ್ದ ರೋಗಾಣುಗಳನ್ನು ಅಳಿಸಿಹಾಕಿತು. ಕೆಲವು ವಾರಗಳಲ್ಲಿ ಹುಣ್ಣು ಮಾಗಿತು.

ಗಮನಿಸಬೇಕಾದ ಸಂಗತಿಯೆಂದರೆ, ಮನುಷ್ಯರ ಮೇಲಿನ ಮೊದಲ ಪ್ರಯೋಗಗಳಿಗೆ ಎರ್ಲಿಕ್ 606ನ್ನು ಕಳುಹಿಸಿದ ಕಡೆಗಳಲ್ಲಿ ಒಂದು ಮಾನಸಿಕ ಆಸ್ಪತ್ರೆಯೂ ಇತ್ತು. ಉಖ್ಟ್‌ಸ್ಪ್ರಿಂಗೆ ಎಂಬ ಊರಿನ ಆಸ್ಪತ್ರೆಯ ಮುಖ್ಯಸ್ಥ ಕೊನ್ರಾಡ್ ಆಲ್ಟ್ ಅವರ ಇಬ್ಬರು ಸಹಾಯಕ ವೈದ್ಯರು ಮೊದಲು ತಾವೇ ಔಷಧ ಚುಚ್ಚಿಸಿಕೊಂಡರು. ಬಳಿಕ ಅದು ರೋಗಿಗಳಿಗೆ ಹೋಯಿತು. ಆ ರೋಗಿಗಳು ಸಿಫಿಲಿಸ್ ಮಿದುಳಿಗೇರಿ ಹುಚ್ಚು ಹಿಡಿದವರು.

ಆ ಅವಸ್ಥೆಗೆ ಬುದ್ಧಿಭ್ರಮಣೆಯ ಸರ್ವಾಂಗ ಪಾರ್ಶ್ವವಾಯು ಎಂದು ಹೆಸರಿತ್ತು. ಸೋಂಕು ತಗುಲಿ ಹತ್ತೋ ಇಪ್ಪತ್ತೋ ವರ್ಷಗಳಾದ ಮೇಲೆ, ರೋಗವನ್ನೇ ಮರೆತು ಸಂಸಾರ ನಡೆಸುತ್ತಿದ್ದವನ ನೆನಪು ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು. ತಾನು ದೊರೆಯೆಂದೋ ಕೋಟ್ಯಧೀಶನೆಂದೋ ಭ್ರಮಿಸುತ್ತಿದ್ದ. ಕೆಲವೇ ವರ್ಷಗಳಲ್ಲಿ ಕೈಕಾಲು ಬಿದ್ದು ಸಾಯುತ್ತಿದ್ದ. ಯೂರೋಪಿನ ಹುಚ್ಚಾಸ್ಪತ್ರೆಗಳ ರೋಗಿಗಳಲ್ಲಿ ಗಣನೀಯ ಪಾಲು ಇವರದೇ. ಧಾರವಾಡದಲ್ಲಿ 1845ರಲ್ಲಿ ಆರಂಭವಾಗಿ ಇಂದು ಡಿಮ್ಹಾನ್ಸ್ ಆಗಿ ಬೆಳೆದಿರುವ ಸಂಸ್ಥೆಯಂಥವು ಕೂಡ ಆ ಕಾಲಕ್ಕೆ ರೋಗಿಗೆ ಸೂರು, ಅನ್ನ, ಕಾವಲು ಕೊಡಬಲ್ಲವಾಗಿದ್ದವೇ ಹೊರತು ಗುಣಪಡಿಸುವ ಮದ್ದು ಜಗತ್ತಿನ ಯಾವ ಮಾನಸಿಕ ಆಸ್ಪತ್ರೆಯ ಬಳಿಯೂ ಇರಲಿಲ್ಲ. ಅಂಥಲ್ಲಿ 606 ಹುಟ್ಟಿಸಿದ ಆಸೆ ಎಷ್ಟೆಂಬುದನ್ನು ಊಹಿಸಬಹುದು.

1910ರ ಏಪ್ರಿಲ್‌ನಲ್ಲಿ ವೀಸ್‌ಬಾಡೆನ್ ವೈದ್ಯ ಸಮ್ಮೇಳನದಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧಕ್ಕಾಗಿ ಜಗತ್ತಿನ ಮೂಲೆಮೂಲೆಯಿಂದ ವೈದ್ಯರು ಫ್ರಾಂಕ್‌ಫರ್ಟ್‌ಗೆ ಧಾವಿಸಿದರು. ಮಾರುಕಟ್ಟೆಗೆ ಬಿಡುವ ಮುನ್ನವೇ ಸುಮಾರು 65,000 ಪ್ರಮಾಣದಷ್ಟು ಔಷಧವನ್ನು ವೈದ್ಯರಿಗೆ ಉಚಿತವಾಗಿ ಹಂಚಿ, ವರದಿ ತರಿಸಿಕೊಳ್ಳಲಾಯಿತು. ವರ್ಷಾಂತ್ಯಕ್ಕೆ ಹೋಕ್ಸ್ಟ್ ಕಂಪನಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಮಾರಾಟ ಆರಂಭಿಸಿತು. ಹೊಸ ಸೋಂಕಿನ ರೋಗಿಗಳ ಹುಣ್ಣುಗಳು ಪವಾಡದಂತೆ ಮಾಯುತ್ತಿದ್ದವು. ಹುಚ್ಚಾಸ್ಪತ್ರೆಯ ರೋಗಿಗಳು ಮಾತ್ರ ಇದ್ದಲ್ಲೇ ಇದ್ದರು. ರೋಗ ತನ್ನ ಪಾಡಿಗೆ ಮುಂದುವರಿಯಿತು.

ಇನ್ನೊಂದು ಆತಂಕವೂ ತಲೆದೋರಿತು. ಸಾಲ್ವರ್ಸಾನ್ ಪಡೆದು ಗುಣವಾದಂತೆ ಕಂಡ ಕೆಲವರಿಗೆ ತಿಂಗಳುಗಳ ಬಳಿಕ ಕಿವುಡು, ಮುಖದ ಲಕ್ವ ಮೊದಲಾದ ನರದ ತೊಂದರೆಗಳು ಕಾಣಿಸಿಕೊಂಡವು. ಔಷಧದ ವಿಷವೇ ನರಗಳನ್ನು ತಿಂದಿತೆಂದು ವಿರೋಧಿಗಳು ಹುಯಿಲೆಬ್ಬಿಸಿದರು. ಅಟಾಕ್ಸಿಲ್‌ನ ಕುರುಡು ಎಲ್ಲರ ನೆನಪಿನಲ್ಲಿದ್ದುದರಿಂದ ಆ ಆರೋಪಕ್ಕೆ ಬಲವೂ ಇತ್ತು. ಔಷಧ ಸರಿಯಾಗಿ ತಲುಪದ ಮೂಲೆಗಳಲ್ಲಿ ಬದುಕುಳಿದ ರೋಗಾಣುಗಳೇ ಮರಳಿ ಹೆಡೆಯೆತ್ತಿವೆ, ಇದು ವಿಷವಲ್ಲ, ಅರೆ ಚಿಕಿತ್ಸೆ ಎಂದು ಎರ್ಲಿಕ್ ವಾದಿಸಿದರು. ಅವರ ವಾದ ಬಹುತೇಕ ಸರಿ. ಔಷಧ ತಲುಪದ ಮೂಲೆ ಎಂಬ ಮಾತಿನಲ್ಲಿ ಗೋಡೆಯ ಕಲ್ಪನೆ ಕೈಗೆಟುಕುವಷ್ಟು ಸಮೀಪವಿತ್ತು. ಆದರೆ ಇಡೀ ಮಿದುಳೇ ಅಂಥದೊಂದು ಮೂಲೆ ಎಂಬ ಹೆಜ್ಜೆಯನ್ನು ಅವರು ಇಡಲಿಲ್ಲ.

ಶಿಷ್ಯನ ಎರಡನೆಯ ಪ್ರಯೋಗ

ಆ ಹೆಜ್ಜೆ ಇಟ್ಟವರು ಎಡ್ವಿನ್ ಗೋಲ್ಡ್‌ಮನ್. ದಕ್ಷಿಣ ಆಫ್ರಿಕಾದಲ್ಲಿ ಜನಿಸಿ, ಫ್ರೈಬುರ್ಗ್‌ನಲ್ಲಿ ಶಸ್ತ್ರವೈದ್ಯರಾಗಿದ್ದ ಇವರು ಎರ್ಲಿಕ್ ಅವರ ಶಿಷ್ಯವರ್ಗದವರು. ಬಳಸಿದ ಬಣ್ಣವೂ ಅದೇ ಮನೆತನದ್ದು: ಟ್ರಿಪನ್ ಕೆಂಪಿನ ತಮ್ಮನಂತಿದ್ದ ಟ್ರಿಪನ್ ನೀಲಿ. 1909ರಲ್ಲಿ ಅದನ್ನು ಪ್ರಾಣಿಗಳ ರಕ್ತನಾಳಕ್ಕೆ ಚುಚ್ಚಿದಾಗ ಗುರುಗಳು ಕಂಡದ್ದೇ ಇವರಿಗೂ ಕಂಡಿತು. ದೇಹವೆಲ್ಲ ನೀಲಿ, ಮಿದುಳು ಬಿಳಿ.

1913ರಲ್ಲಿ ಅವರು ಬಣ್ಣವನ್ನು ರಕ್ತಕ್ಕೆ ಬಿಡದೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ನೇರವಾಗಿ ಬಿಟ್ಟರು. ಈ ಸಲ ಮಿದುಳು ನೀಲಿಯಾಯಿತು. ಉಳಿದ ದೇಹಕ್ಕೆ ಬಣ್ಣ ಹತ್ತಲಿಲ್ಲ. ಮಿದುಳಿಗೆ ಆ ಬಣ್ಣದ ಮೇಲೆ ಒಲವಿಲ್ಲ ಎಂಬ ವಿವರಣೆ ಅಲ್ಲಿಗೆ ಮುಗಿಯಿತು. ಒಲವು ಇತ್ತು, ದಾರಿ ಇರಲಿಲ್ಲ. ಇಳಕಲ್ ಸೀರೆಯ ಹತ್ತಿಯ ಒಡಲು ಬಣ್ಣ ಹಿಡಿಯದ್ದು ನೂಲಿನ ಗುಣದಿಂದಲ್ಲ, ಕಡಾಯಿಯಲ್ಲಿದ್ದಾಗ ಅದನ್ನು ಯಾರೋ ಬಿಗಿಯಾಗಿ ಸುತ್ತಿಟ್ಟಿದ್ದರು ಎಂದಂತೆ. ಗೋಲ್ಡ್‌ಮನ್ ಅದೇ ವರ್ಷ ನಿಧನರಾದರು.

1913 ಇನ್ನೊಂದು ಕಾರಣಕ್ಕೂ ನೆನಪಿನ ವರ್ಷ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಹಿದೆಯೊ ನೊಗುಚಿ ಮತ್ತು ಜೆ. ಡಬ್ಲ್ಯು. ಮೂರ್ ಪಾರ್ಶ್ವವಾಯುವಿನಿಂದ ಸತ್ತ ಹುಚ್ಚರ 70 ಮಿದುಳುಗಳನ್ನು ಪರೀಕ್ಷಿಸಿ, 12ರಲ್ಲಿ ಸಿಫಿಲಿಸ್ ರೋಗಾಣುವನ್ನೇ ಕಂಡರು. ರೋಗಾಣು ಗೋಡೆಯ ಒಳಗಿತ್ತು, ಔಷಧ ಹೊರಗಿತ್ತು. ಎರಡೂ ಸಂಗತಿಗಳು ಒಂದೇ ವರ್ಷ ಪ್ರಕಟವಾದರೂ ಅವನ್ನು ಜೋಡಿಸಿ ಚಿಕಿತ್ಸೆಯನ್ನು ತಿದ್ದಿಕೊಳ್ಳಲು ವೈದ್ಯಲೋಕಕ್ಕೆ ದಶಕಗಳೇ ಹಿಡಿದವು. ಸಾಲ್ವರ್ಸಾನ್ ಪಡೆದ ರೋಗಿಯ ರಕ್ತದ ಸೀರಂ ತೆಗೆದು ಅವನದೇ ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಪ್ರಯತ್ನಗಳು ನಡೆದವು. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ರೋಗಿಗಳಿಗೆ ಉದ್ದೇಶಪೂರ್ವಕವಾಗಿ ಮಲೇರಿಯಾ ತಗುಲಿಸಿ, ಜ್ವರದ ಕಾವಿನಿಂದ ರೋಗಾಣುವನ್ನು ಸದೆಬಡಿಯಲು ನೋಡಿದರು. ಬಳಿಕ ಮಲೇರಿಯಾಕ್ಕೆ ಕ್ವಿನೈನ್ ಕೊಡುತ್ತಿದ್ದರು. ಇದಕ್ಕೆ 1927ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತು. ಒಂದು ರೋಗಕ್ಕೆ ಇನ್ನೊಂದು ರೋಗವನ್ನೇ ಮದ್ದಾಗಿಸಬೇಕಾಗಿ ಬಂದದ್ದು ಒಳ್ಳೆಯ ಔಷಧಕ್ಕೆ ಒಳಗೆ ಹೋಗುವ ದಾರಿ ಇಲ್ಲದ ಕಾರಣಕ್ಕೆ.

ಇದನ್ನೆಲ್ಲ ನೋಡಲು ಎರ್ಲಿಕ್ ಇರಲಿಲ್ಲ. ಕೊನೆಯ ವರ್ಷಗಳು ಅವರಿಗೆ ನೆಮ್ಮದಿ ಕೊಡಲಿಲ್ಲ. ಗಾಳಿ ತಾಗಿದರೆ ವಿಷಮಯವಾಗುವ ಸಾಲ್ವರ್ಸಾನ್ ಪುಡಿಯನ್ನು ಕರಗಿಸುವಲ್ಲಿ ಕೆಲವು ವೈದ್ಯರು ಎಡವಿದ್ದರಿಂದಲೂ ಔಷಧದ ಸ್ವಂತ ದೋಷದಿಂದಲೂ ಸಾವುಗಳು ಸಂಭವಿಸಿದವು. ಕರಗಿಸಲು ಸುಲಭವಾದ 914, ಅಂದರೆ ನಿಯೊಸಾಲ್ವರ್ಸಾನ್, 1912ರಲ್ಲಿ ಬಂದಿತಾದರೂ ಟೀಕೆ ನಿಲ್ಲಲಿಲ್ಲ. ಅವರು ಯಹೂದಿ ಎಂಬುದೂ ದ್ವೇಷಕ್ಕೆ ತುಪ್ಪ ಸುರಿಯಿತು. ಫ್ರಾಂಕ್‌ಫರ್ಟ್‌ನ ಪತ್ರಕರ್ತನೊಬ್ಬ ಆಸ್ಪತ್ರೆಯಲ್ಲಿ ವೇಶ್ಯೆಯರ ಮೇಲೆ ಬಲವಂತದ ಪ್ರಯೋಗ ನಡೆದಿದೆ ಎಂದು ಬರೆದು, 1914ರಲ್ಲಿ ಮಾನಹಾನಿ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾದ. ಅದೇ ವರ್ಷ ಮಹಾಯುದ್ಧ ಆರಂಭವಾಗಿ, ಅವರ ಬಳಿ ಕಲಿತ ವಿದೇಶಿ ಸಂಶೋಧಕರಲ್ಲಿ ಹಲವರು ಶತ್ರು ದೇಶದವರಾದರು. ಬರ್ಟ್‌ಹೈಮ್ ಯುದ್ಧದ ಆರಂಭದಲ್ಲೇ ಅಪಘಾತದಲ್ಲಿ ಮಡಿದರು. ಡಿಸೆಂಬರ್‌ನಲ್ಲಿ ಎರ್ಲಿಕ್ ಅವರಿಗೆ ಲಘು ಪಾರ್ಶ್ವವಾಯು ತಗುಲಿತು. 1915ರ ಆಗಸ್ಟ್ 20ರಂದು, ವಿಶ್ರಾಂತಿಗೆಂದು ಹೋಗಿದ್ದ ಬಾಡ್ ಹೋಂಬುರ್ಗ್‌ನಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 61 ವರ್ಷ.

ನಾಜಿಗಳ ಕಾಲದಲ್ಲಿ ಫ್ರಾಂಕ್‌ಫರ್ಟ್‌ನ ರಸ್ತೆಯಿಂದ ಅವರ ಹೆಸರನ್ನು ಅಳಿಸಲಾಯಿತು. ವೃದ್ಧ ಪತ್ನಿ ಹೆಡ್ವಿಗ್ ದೇಶ ತೊರೆದು ಮೊದಲು ಸ್ವಿಟ್ಜರ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಬೇಕಾಯಿತು. ಯುದ್ಧಾನಂತರ ರಸ್ತೆಗೆ ಹೆಸರು ಮರಳಿತು.

ಗೋಡೆಯ ಇಂದಿನ ಲೆಕ್ಕ

ತಡೆಗೋಡೆ ಎಂಬ ಹೆಸರನ್ನು 1921ರಲ್ಲಿ ಜಿನೀವಾದಲ್ಲಿ ರೂಢಿಗೆ ತಂದವರು ಲೀನಾ ಸ್ಟರ್ನ್. ಆ ಗೋಡೆ ಎಲ್ಲಿದೆ ಎಂಬುದು ಖಚಿತವಾದದ್ದು 1967ರಲ್ಲಿ. ಅಮೆರಿಕದ ಥಾಮಸ್ ರೀಸ್ ಮತ್ತು ಮಾರಿಸ್ ಕರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮಿದುಳಿನ ಲೋಮನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿದ್ದವು. ಬೇರೆ ಅಂಗಗಳ ಲೋಮನಾಳಗಳಲ್ಲಿ ಕೋಶಗಳ ಸಂದಿಯಿಂದ ನುಸುಳುವ ಅಣುಗಳು ಮಿದುಳಿನಲ್ಲಿ ಕೋಶವನ್ನೇ ಹಾದುಹೋಗಬೇಕು. ಕೊಬ್ಬಿನಲ್ಲಿ ಕರಗುವ ಪುಟ್ಟ ಅಣುವಿಗೆ ಅದು ಸಾಧ್ಯ. ಒಳಹೊಕ್ಕದ್ದನ್ನು ಮತ್ತೆ ರಕ್ತಕ್ಕೆ ತಳ್ಳುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಕೂಡ ಆ ಕೋಶಗಳಲ್ಲಿದೆ.

ಇದರ ಪರಿಣಾಮ ಮನೆಮನೆಯಲ್ಲೂ ಕಾಣುತ್ತದೆ. ನೆಗಡಿಗೆ ನುಂಗುತ್ತಿದ್ದ ಹಳೆಯ ಮಾತ್ರೆ ತೂಕಡಿಕೆ ತರಿಸುತ್ತಿದ್ದುದು ಅದು ಮಿದುಳಿಗೆ ದಾಟುತ್ತಿದ್ದುದರಿಂದ. ಫೆಕ್ಸೊಫೆನಡಿನ್‌ನಂಥ ಹೊಸತು ತೂಕಡಿಕೆ ತರಿಸದಿರುವುದು ಆ ಪಂಪು ಅದನ್ನು ಹೊರಗಟ್ಟುವುದರಿಂದ. ಎರ್ಲಿಕ್ ಅವರನ್ನೂ ಕಾಡಿದ್ದ ಕ್ಷಯ ಮಿದುಳಿನ ಪೊರೆಗೆ ತಗುಲಿದಾಗ ಸ್ಟ್ರೆಪ್ಟೊಮೈಸಿನ್ ಸರಿಯಾಗಿ ಒಳಹೋಗದು, ಐಸೋನಿಯಾಜಿಡ್ ಹೋಗುತ್ತದೆ. ಮಗುವಿನ ಪ್ರಾಣ ಉಳಿಯುವುದೂ ಹೋಗುವುದೂ ಈ ವ್ಯತ್ಯಾಸದ ಮೇಲೆ ನಿಂತಿರಬಹುದು.

ಇಂದು ಸಂಯುಕ್ತಗಳ ಜರಡಿ ಹಿಡಿಯುವ ಕೆಲಸ ಕಂಪ್ಯೂಟರಿನಲ್ಲಿಯೇ ಆರಂಭವಾಗುತ್ತದೆ. ಅಣುತೂಕ, ವಿದ್ಯುದಂಶ, ಕೊಬ್ಬಿನಲ್ಲಿ ಕರಗುವ ಗುಣ ಇವುಗಳಿಂದ ಮೊದಲ ಅಂದಾಜು. ನಂತರ ಕೊಬ್ಬಿನ ಕೃತಕ ಪೊರೆಯ ಮೂಲಕ ಎಷ್ಟು ನುಸುಳುತ್ತದೆ ಎಂಬ ಅಳತೆ, ಪಂಪಿನ ಜೀನ್ ಸೇರಿಸಿ ಬೆಳೆಸಿದ ಕೋಶಗಳ ಪದರದ ಮೇಲೆ ಪರೀಕ್ಷೆ, ಕೊನೆಗೆ ಇಲಿಯ ಮಿದುಳಿನಲ್ಲಿ ಎಷ್ಟು ಸೇರಿತು ಎಂಬ ಲೆಕ್ಕ. ಹೆಚ್ಚಿನ ಸಂಯುಕ್ತಗಳು ಈ ಹಾದಿಯಲ್ಲೇ ಬಿದ್ದುಹೋಗುತ್ತವೆ.

ಎರ್ಲಿಕ್ ಆರಂಭಿಸಿದ ನಿದ್ರಾರೋಗದ ಬೇಟೆ ಕೂಡ ಈ ಗೋಡೆಯನ್ನು ದಾಟಲು ಶತಮಾನವನ್ನೇ ತೆಗೆದುಕೊಂಡಿತು. ಟ್ರಿಪನ್ ಬಣ್ಣಗಳ ಮನೆತನದಿಂದ ಬಂದ, ಬಣ್ಣವಿಲ್ಲದ ಸುರಾಮಿನ್ ರೋಗ ರಕ್ತದಲ್ಲಿರುವವರೆಗೆ ಮಾತ್ರ ಕೆಲಸ ಮಾಡಿತು. ಆರ್ಸೆನಿಕ್ ಮನೆತನದ ಮೆಲಾರ್ಸೊಪ್ರಾಲ್ 1949ರಲ್ಲಿ ಬಂದು ಮಿದುಳಿಗೆ ದಾಟಿತು, ಆದರೆ ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು ಐವರು ಔಷಧದಿಂದಲೇ ಸಾಯುತ್ತಿದ್ದರು. 2005ರ ಸುಮಾರಿಗೆ, ನಿರ್ಲಕ್ಷಿತ ರೋಗಗಳಿಗೆ ಔಷಧ ಹುಡುಕುವ ಡಿಎನ್‌ಡಿಐ ಎಂಬ ಲಾಭರಹಿತ ಸಂಸ್ಥೆ ಹಳೆಯ ಸಂಯುಕ್ತಗಳ ರಾಶಿಯನ್ನು ಮತ್ತೆ ಜರಡಿ ಹಿಡಿದಾಗ, ದಶಕಗಳ ಹಿಂದೆ ತಯಾರಾಗಿ ಕೈಬಿಡಲಾಗಿದ್ದ ಫೆಕ್ಸಿನಿಡಜೋಲ್ ಸಿಕ್ಕಿತು. ಮಿದುಳಿಗೆ ದಾಟುವ, ಬಾಯಿಂದ ನುಂಗಬಹುದಾದ ಈ ಮಾತ್ರೆಗೆ 2018ರಲ್ಲಿ ಐರೋಪ್ಯ ಔಷಧ ಪ್ರಾಧಿಕಾರ ಸಮ್ಮತಿ ನೀಡಿತು. ಅದನ್ನು ಮೊದಲು ತಯಾರಿಸಿ ಮೂಲೆಗಿಟ್ಟಿದ್ದು ಹೋಕ್ಸ್ಟ್, ಸಾಲ್ವರ್ಸಾನ್ ಮಾರಿದ ಅದೇ ಕಂಪನಿ.